ಮನೆಯಲ್ಲಿ ಪಾಠದ ವಿಡಿಯೊ ಚಿತ್ರೀಕರಣ: ಸದಸ್ಯರ ಅಧ್ಯಯನಕ್ಕೆ

ಮೈಸೂರಿನ ಅಬ್ದುಲ್ ನಜೀರ್‌ಸಾಬ್ ಸಂಸ್ಥೆಯ ಉಪಗ್ರಹ ತರಬೇತಿಗೆ ಸ್ಟುಡಿಯೊ ಉಂಟು. ಉರ್ವದ ಮನೆಯಲ್ಲಿ ಕುಳಿತು ಆನ್‌ಲೈನ್ ಪಾಠ ಚಿತ್ರೀಕರಿಸುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಜೊತೆಗಾರ. ತಗಡಿನ ಮಾಡಿನಡಿ ಮಾತು ಕೇಳಿಸದು. ತಾರಸಿಯಿರುವ ಕೋಣೆಯನ್ನು ಆರಿಸಿ, ಫ್ಯಾನ್ ನಿಲ್ಲಿಸಿ, ಕಾಲರ್ ಮೈಕ್ ಧರಿಸತಕ್ಕದ್ದು. ಮೋಡದ ಬೆಳಕು ಮಾತ್ರ ಉಪಕಾರಿ: ಕಿಟಕಿಗೆ ಎದುರಾಗಿ ಕುಳಿತರೆ ಮುಖದ ಮೇಲೆ ಗಾಢ ನೆರಳು ಬೀಳದು, ಬೆನ್ನು ಹಾಕಿದರೆ ಮುಖವೇ ಕಪ್ಪಾಗುವುದು. ಮೊಬೈಲನ್ನು ಅಡ್ಡಲಾಗಿ, ಕಣ್ಣಿನ ಮಟ್ಟದಲ್ಲಿರಿಸಿ ಲೆನ್ಸನ್ನೇ ನೋಡಬೇಕು. ಸಭೆಗೆ ಒಪ್ಪುವ ಬಿಳಿ ಅಂಗಿ ಇಲ್ಲಿ ಕಣ್ಣು ಕುಕ್ಕುವುದು, ತಿಳಿನೀಲಿ ಲೇಸು.

ಉಡುಪಿಗಿಂತ ಹೆಚ್ಚಿನ ಎಚ್ಚರ ಹಿನ್ನೆಲೆಗೆ ಸಲ್ಲಬೇಕು. ಮೇಜಿನ ಮೇಲೆ ಮರೆತ ಫಲಾನುಭವಿಗಳ ಪಟ್ಟಿಯಲ್ಲಿನ ಆಧಾರ್ ಸಂಖ್ಯೆಯನ್ನು ವಿಡಿಯೊದಲ್ಲಿ ಯಾರೂ ಓದಿಕೊಳ್ಳಬಹುದು. ವಾಟ್ಸ್‌ಆ್ಯಪ್‌ನಲ್ಲಿ ಹರಡಿದ ಬಳಿಕ ಅಳಿಸಲಾಗದು. ಆದ್ದರಿಂದ ಮೊದಲು ಅರ್ಧ ನಿಮಿಷ ಚಿತ್ರೀಕರಿಸಿ, ದೃಶ್ಯವನ್ನು ಹಿಗ್ಗಿಸಿ ಮೂಲೆಮೂಲೆ ಪರಿಶೀಲಿಸತಕ್ಕದ್ದು.