ತಾಮ್ರದ ತಗಡಿನಲ್ಲಿ ಉಳಿದ ರೆಕ್ಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿ ಹೆಸರು ಕೊರೆಯಿಸಿದ ತಾಮ್ರದ ಕೊಡಗಳು ಅಪರೂಪವಲ್ಲ. ಅಂಥ ಹೆಸರನ್ನು ಉಜ್ಜಿ ಅಳಿಸಿದರೂ ಓರೆ ಬೆಳಕಿನಲ್ಲಿ ಅದರ ಗುರುತು ಕಾಣುವುದುಂಟು. ಲೋಹದ ಈ ಗುಣವೇ ಹಾಲೆಂಡಿನ ಒಂದು ಚಿತ್ರದ ಪೂರ್ವಚರಿತ್ರೆಗೆ ಸಾಕ್ಷಿಯಾಗಿದೆ.

ಮೊದಲು ಎಚಿಂಗ್ ಎಂಬ ವಿಧಾನವನ್ನು ತಿಳಿಯೋಣ. ನಯವಾದ ತಾಮ್ರದ ತಗಡಿಗೆ ಮೇಣ, ರಾಳಗಳ ಲೇಪ ಕೊಟ್ಟು, ಅದರ ಮೇಲೆ ಸೂಜಿಯಿಂದ ಚಿತ್ರ ಬರೆಯುತ್ತಾರೆ. ತಗಡನ್ನು ಆಮ್ಲದಲ್ಲಿರಿಸಿದಾಗ ಲೇಪ ಹೋದ ಗೆರೆಗಳಲ್ಲಿ ಮಾತ್ರ ತಾಮ್ರವು ಕರಗುತ್ತದೆ. ಹೊತ್ತು ಹೆಚ್ಚಿದಂತೆ ಗೆರೆಯ ಆಳವೂ ಹೆಚ್ಚುತ್ತದೆ. ಬಳಿಕ ಲೇಪ ತೆಗೆದು, ಗೆರೆಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನಿಟ್ಟು ಉರುಳೆಗಳ ನಡುವೆ ಹಾಯಿಸಿದರೆ ಚಿತ್ರವು ಎಡಬಲ ತಿರುವಾಗಿ ಮೂಡುತ್ತದೆ.

ಸುಮಾರು 1630ರ ವೇಳೆಗೆ ಹೆರ್ಕ್ಯುಲೆಸ್ ಸೇಗರ್ಸ್ ಎಂಬಾತನು ಒಂದು ವಿಶಾಲ ಭೂದೃಶ್ಯವನ್ನೂ ಅದರಲ್ಲಿ ನಡೆಯುವ ತೊಬಿಯಾಸ್ ಎಂಬ ತರುಣನನ್ನೂ ದೇವದೂತನನ್ನೂ ಹೀಗೆ ಕೊರೆದನು. ಈ ಕಲ್ಪನೆಯೂ ಪೂರ್ತಿ ಅವನದಲ್ಲ. ಜರ್ಮನಿಯ ಎಲ್ಸ್‌ಹೈಮರನ ವರ್ಣಚಿತ್ರವನ್ನು ಅನುಸರಿಸಿ 1613ರಲ್ಲಿ ಹೆಂಡ್ರಿಕ್ ಗೌಟ್ ಕೊರೆದ ಚಿತ್ರವೇ ಅದಕ್ಕೆ ಆಧಾರ. ಸೇಗರ್ಸನ ತಗಡು ಮುಂದೆ ರೆಂಬ್ರಾಂಟನ ಕೈಸೇರಿತು. ಸುಮಾರು 1653ರಲ್ಲಿ ಆತನು ಆ ಎರಡು ಆಕೃತಿಗಳನ್ನು ಅಳಿಸಿ, ಈಜಿಪ್ಟಿಗೆ ಹೊರಟ ಮೇರಿ, ಜೋಸೆಫ್, ಶಿಶುಯೇಸುಗಳನ್ನು ಮರಗಳ ನಡುವೆ ಕೊರೆದನು. ದೂರದ ಭೂದೃಶ್ಯವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡನು.

ಆದರೆ ತಾಮ್ರದ ಮೇಲಿನ ಗೆರೆಯನ್ನು ಅಳಿಸುವುದೆಂದರೆ ಸುತ್ತಲಿನ ಲೋಹವನ್ನೂ ಗೆರೆಯ ತಳದವರೆಗೆ ಹೆರೆದು ನಯಗೊಳಿಸುವುದು. ಆಳದ ಗೆರೆ ಕಿಂಚಿತ್ತು ಉಳಿದರೂ ಅದರಲ್ಲಿ ಮಸಿ ನಿಲ್ಲುತ್ತದೆ. ಆದುದರಿಂದಲೇ ರೆಂಬ್ರಾಂಟನ ಮರಗಳ ನಡುವೆ ದೇವದೂತನ ರೆಕ್ಕೆಯ ಗೆರೆಗಳು ಇಂದಿಗೂ ಕಾಣುತ್ತವೆ.

ಇದು ಗೌರವವೋ, ಅತಿಕ್ರಮವೋ? 1656ರ ಆಸ್ತಿಪಟ್ಟಿಯಂತೆ ರೆಂಬ್ರಾಂಟನಲ್ಲಿ ಸೇಗರ್ಸನ ಎಂಟು ವರ್ಣಚಿತ್ರಗಳಿದ್ದವು, ಆದರವಿದ್ದುದು ನಿಜ. ಆದರೂ ಸೇಗರ್ಸನ ಚಿತ್ರವನ್ನು ಆ ತಗಡಿನಿಂದ ಮತ್ತೆ ಅಚ್ಚೊತ್ತುವಂತಿರಲಿಲ್ಲ. ರೆಂಬ್ರಾಂಟನ ತಗಡಿಗೂ ಇದೇ ಗತಿ ಬಂದಿತು: ‘ನೂರು ಗಿಲ್ಡರ್ ಚಿತ್ರ’ವೆಂದು ಹೆಸರಾದುದರ ಸವೆದ ತಗಡನ್ನು 1775ರಲ್ಲಿ ವಿಲಿಯಂ ಬೇಲಿ ತಿದ್ದಿ ಅಚ್ಚೊತ್ತಿ, ಬಳಿಕ ನಾಲ್ಕು ತುಂಡು ಮಾಡಿದನು.

ತಗಡು ಬದಲಾದರೂ ಮೊದಲೇ ಅಚ್ಚಾದ ಕಾಗದ ಬದಲಾಗದು. ಪ್ರತಿಯೊಂದು ತಿದ್ದುಪಡಿಯ ಹಿಂದು ಮುಂದಿನ ಪ್ರತಿಗಳನ್ನು ವಿದ್ವಾಂಸರು ‘ಸ್ಥಿತಿ’ಗಳೆಂದು ವಿಂಗಡಿಸಿ, ಯಾವ ಗೆರೆ ಯಾರದೆಂದು ನಿರ್ಣಯಿಸುತ್ತಾರೆ. ಕರ್ತೃವಿನ ಹೆಸರನ್ನು ನಂಬುವ ಮುನ್ನ ಗೆರೆಗಳನ್ನು ಹೋಲಿಸಿ ನೋಡುವ ಈ ಕ್ರಮವನ್ನು ವಿಜ್ಞಾನದ ವಿದ್ಯಾರ್ಥಿಗಳಾದ ನಾವೂ ರೂಢಿಸಿಕೊಳ್ಳಬೇಕು.