ದಾಕ್ಷಿಣ್ಯಕ್ಕೆ ಕೊಟ್ಟ ದಿನ ತೋಟಕ್ಕೆ ತಿರುಗಿ ಬಾರದು
(ಅಧ್ಯಯನ ಕೂಟಗಳಿಗೆ ಪಾಠ)



“ಪುರುಸೊತ್ತೇ ಇಲ್ಲ” ಎಂಬ ಮಾತು ನಮ್ಮ ಸಂಘದ ಜಗಲಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ಎರಡೆಕರೆಯವರಿಗೂ ಪುರುಸೊತ್ತಿಲ್ಲ, ಇಪ್ಪತ್ತೆಕರೆಯವರಿಗೂ ಇಲ್ಲ. ಹಾಗೆಂದು ನಾವು ಸೋಮಾರಿಗಳಲ್ಲ. ನಮ್ಮ ಹೊತ್ತು ಹಾಳಾಗುವುದು ಬಹುಪಾಲು ಎರಡು ಕಾರಣಗಳಿಂದ: ದಾಕ್ಷಿಣ್ಯ ಮತ್ತು ಮುಂದೂಡಿಕೆ. ಇವೆರಡಕ್ಕೂ ಮದ್ದು ಗಡಿಯಾರದಲ್ಲಿಲ್ಲ, ಮನಸ್ಸಿನ ಧೈರ್ಯದಲ್ಲಿದೆ. ಈ ಸಲದ ಪಾಠ ಅದರ ಬಗ್ಗೆ.

1. ತೋಟದ ಗಡುವು ನಮ್ಮ ಕೈಯಲ್ಲಿಲ್ಲ

ಅಡಿಕೆಯ ಕೊಳೆರೋಗವನ್ನೇ ನೋಡಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲೇ ವರದಿ ಪ್ರಕಟಿಸಿ, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ತಿಳಿಯದ ಬೆಳೆಗಾರನಿಲ್ಲ. ಮೊದಲ ಸಿಂಪಡಣೆ ಮುಂಗಾರಿಗೆ ಮುನ್ನ, ಎರಡನೆಯದು 40ರಿಂದ 45 ದಿನಗಳ ನಂತರ ಎಂಬುದೂ ಗೊತ್ತು. ಎಷ್ಟು ಸಿಂಪಡಿಸಿದರೂ ಕೊಳೆ ಬೀಳುವಂಥ ಮಳೆಯ ವರ್ಷಗಳುಂಟು, ನಿಜ. ಆದರೆ ಗೊತ್ತಿದ್ದೂ ಹೊತ್ತಿಗೆ ಮಾಡದೆ ಕಳೆದುಕೊಂಡ ಫಸಲು ಎಷ್ಟೆಂದು ಅವರವರೇ ಲೆಕ್ಕ ಹಾಕಿಕೊಳ್ಳಬೇಕು.

ಕಾಫಿಯದೂ ಇದೇ ಕತೆ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕದ ದುಂಬಿ ಹೊರಬಂದು ಹಾರುವುದು ಏಪ್ರಿಲ್-ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಕೊರೆದ ಗಿಡಗಳನ್ನು ಹುಡುಕಿ ಕಿತ್ತು ಸುಡುವ ಕೆಲಸ ಮಾರ್ಚ್‌ನಲ್ಲಿ ಮತ್ತು ಸೆಪ್ಟೆಂಬರ್‌ನಲ್ಲಿ ಮುಗಿಯಬೇಕು. ದುಂಬಿ ಹಾರಿ ಪಕ್ಕದ ಗಿಡದ ತೊಗಟೆಯಲ್ಲಿ ಮೊಟ್ಟೆಯಿಟ್ಟ ಮೇಲೆ ಗಿಡ ಸುಟ್ಟರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಕೆಂಪಡಿಕೆ ಮಾಡುವವರು ಕೊನೆ ಕೊಯ್ಲನ್ನು ಮುಂದೂಡಿದರೆ ಬೆಟ್ಟೆ, ರಾಶಿ ಆಗಬೇಕಾದದ್ದು ಗೊರಬಲಾಗುತ್ತದೆ.

2. ನನ್ನದೇ ಒಂದು ತಪ್ಪು

2018ರ ಮೇ ತಿಂಗಳ ಮೂರನೇ ವಾರ. ನಮ್ಮ ಕೊನೆಗಾರ ಅಂಗಳಕ್ಕೆ ಬಂದು, “ಅಯ್ಯ, ನಾಳೆ ನಾಡಿದ್ದು ಎರಡು ದಿನ ಬಿಡುವಿದೆ. ಔಷಧಿ ಹೊಡೆದು ಬಿಡ್ಲಾ?” ಎಂದ. ಆ ಎರಡು ದಿನವೇ ದೂರದ ನೆಂಟರೊಬ್ಬರ ಗೃಹಪ್ರವೇಶ. “ಒಬ್ಬರು ಹೋದ್ರೆ ಸಾಲದಾ? ನಾನು ಹೋಗಿ ಬರ್ತೇನೆ, ನೀವು ಔಷಧಿ ಹೊಡೆಸಿ” ಎಂದಳು ಮನೆಯಾಕೆ. ಆದರೆ ಯಜಮಾನನೇ ಹೋಗದಿದ್ದರೆ ಅವರು ಏನಂದುಕೊಂಡಾರು ಎಂಬ ಅಳುಕು ನನಗೆ. “ಬರುವ ವಾರ ನೋಡೋಣ ಮಾರಾಯ” ಎಂದು ಕೊನೆಗಾರನನ್ನು ಕಳಿಸಿಬಿಟ್ಟೆ.

ಅವನು ಪಕ್ಕದ ತೋಟಕ್ಕೆ ಹೋದ. ಅಲ್ಲಿಂದ ಇನ್ನೊಂದು ತೋಟಕ್ಕೆ. ಆ ವರ್ಷ ಮುಂಗಾರು ಮೇ 29ಕ್ಕೇ ಕೇರಳ ಮುಟ್ಟಿತು. ನನ್ನ ತೋಟಕ್ಕೆ ಮೊದಲ ಔಷಧಿ ಬಿದ್ದದ್ದು ಜೂನ್ ಕೊನೆಗೆ, ಮಳೆ ತುಸು ಹೊಳವಾದಾಗ, ಒದ್ದೆ ಕೊನೆಗಳ ಮೇಲೆ. ಆಗಸ್ಟ್‌ನ ಮಳೆಯಲ್ಲಿ ಮರದ ಬುಡದಲ್ಲೆಲ್ಲ ಎಳೆಗಾಯಿ ಹಾಸಿಕೊಂಡಿತ್ತು. ಮೇ ತಿಂಗಳಲ್ಲೇ ಔಷಧಿ ಹೊಡೆಸಿದ ಪಕ್ಕದವರಿಗೂ ಕೊಳೆ ಬಂತು. ಆದರೆ ನನಗೆ ಹೋದಷ್ಟು ಅವರಿಗೆ ಹೋಗಲಿಲ್ಲ.

ಮರುವರ್ಷ ಮದುವೆಯೊಂದರಲ್ಲಿ ಅದೇ ನೆಂಟರು ಸಿಕ್ಕಿ, “ನಮ್ಮ ಗೃಹಪ್ರವೇಶಕ್ಕೆ ನೀವು ಬರ್ಲಿಲ್ಲ ಅಲ್ವಾ?” ಎಂದು ಕೇಳಿದರು! ಯಾರ ಮಾತಿಗೆ ಅಂಜಿ ತೋಟ ಬಿಟ್ಟು ಹೋದೆನೋ, ಅವರಿಗೆ ನಾನು ಹೋದದ್ದೇ ನೆನಪಿರಲಿಲ್ಲ. ಅವರದೇನೂ ತಪ್ಪಿಲ್ಲ. ತೀರ್ಮಾನ ಮಾಡಬೇಕಾದವನು ನಾನಾಗಿದ್ದೆ.

3. ಧೈರ್ಯ ಬೇಕಾದ ಕಡೆಗಳು

ಮೊದಲನೆಯದು, ‘ಆಗುವುದಿಲ್ಲ’ ಎನ್ನುವ ಧೈರ್ಯ. ನೆಂಟಸ್ತಿಕೆ, ಊರಿನ ಕೆಲಸ, ದೇವಸ್ಥಾನದ ಕೆಲಸ ಬೇಡವೆಂದಲ್ಲ; ಹೊತ್ತಿಗೊದಗುವ ನೆರೆಕರೆ ಇಲ್ಲದೆ ಬಾಳಲಾಗದು. ಆದರೆ ವರ್ಷದ ಹತ್ತಿಪ್ಪತ್ತು ದಿನಗಳು ತೋಟದವು. ಆ ದಿನ ಯಾರು ಕರೆದರೂ ಕೈಮುಗಿದು, ಕಾರಣ ಹೇಳಿ, ಮನೆಯ ಇನ್ನೊಬ್ಬರನ್ನು ಕಳಿಸಬೇಕು. “ನೋಡೋಣ, ಪ್ರಯತ್ನ ಮಾಡ್ತೇನೆ” ಎಂದು ತೇಲಿಸಿದರೆ ಅವರಿಗೂ ಕಷ್ಟ, ನಮಗೂ ಕಷ್ಟ.

ಎರಡನೆಯದು, ಕಳೆಯುವ ಧೈರ್ಯ. ಕಾಂಡದಲ್ಲಿ ಉಬ್ಬುಗೆರೆ ಕಂಡರೂ, ಎಲೆ ಹಳದಿಯಾಗಿ ಬಾಡಿದರೂ, “ಈ ವರ್ಷ ಒಂದು ಫಸಲು ಬರಲಿ” ಎಂದು ಗಿಡ ಉಳಿಸಿಕೊಳ್ಳುತ್ತೇವೆ. ಅಜ್ಜ ನೆಟ್ಟದ್ದು, ಅಪ್ಪ ಸಾಕಿದ್ದು, ಕೀಳಲು ಮನಸ್ಸಾಗದು. ಆ ಒಂದು ಗಿಡದ ಮೇಲಿನ ಮರುಕ ಹತ್ತು ಗಿಡಗಳಿಗೆ ಮುಳುವಾಗುತ್ತದೆ.

ಮೂರನೆಯದು, ನೆರೆಯವರನ್ನು ಕಾಯದ ಧೈರ್ಯ. “ಅವರಿನ್ನೂ ಶುರು ಮಾಡಿಲ್ಲ, ನಮಗೇನು ಅವಸರ” ಎಂಬ ಮಾತು ಮನೆಮನೆಯಲ್ಲಿದೆ. ಮೊದಲು ಮಾಡಿದವನನ್ನು ನಾಲ್ಕು ಜನ ನಕ್ಕಾರು. ದೋಟಿಗೆ ಪೈಪು ಕಟ್ಟಿ ನೆಲದ ಮೇಲೆ ನಿಂತೇ ಔಷಧಿ ಹೊಡೆಯಹೊರಟವರನ್ನೂ ನಕ್ಕವರಿದ್ದರು. ಮರ ಹತ್ತುವವರು ಸಿಗದ ಈ ಕಾಲದಲ್ಲಿ ಕಾರ್ಬನ್ ಫೈಬರ್ ದೋಟಿಯನ್ನು ಕೇಳಿಕೊಂಡು ಬರುವವರು ಅವರೇ.

4. ಹೀಗೆ ಮಾಡಿ ನೋಡಿ

ಮನೆಯ ಪಂಚಾಂಗದಲ್ಲಿ ಹಬ್ಬ ಗುರುತಿಸುವ ಮೊದಲು ತೋಟದ ದಿನಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿ. ಮನೆಯವರೆಲ್ಲ ಕೂಡಿಯೇ ಹಾಕಿ. ದಿನ ತಪ್ಪಿದಾಗ ಎಚ್ಚರಿಸುವವರು ಅವರೇ. ಮೈಲುತುತ್ತ, ಸುಣ್ಣವನ್ನು ಏಪ್ರಿಲ್‌ನಲ್ಲೇ ತಂದಿಡಿ. ಕೊನೆಗಾರನಿಗೆ ಖಚಿತ ದಿನ ಹೇಳಿ, ಆ ಮಾತಿಗೆ ನೀವೂ ನಿಲ್ಲಿ. ಅವನ ಹೊತ್ತಿಗೂ ಬೆಲೆಯಿದೆ. ಎಲ್ಲ ಕೆಲಸ ಮಾಡಲಾಗದು ಎಂದಾದರೆ, ಯಾವುದನ್ನು ಬಿಟ್ಟರೆ ಮುಂದಿನ ವರ್ಷವೂ ಮಾಡಬಹುದೋ ಅದನ್ನು ಬಿಡಿ. ಬೇಲಿ ಕಾದೀತು, ಕೊಳೆ ಕಾಯದು.

ಕೂಟದಲ್ಲಿ ಚರ್ಚಿಸಲು

ಅ) ಕಳೆದ ವರ್ಷ ನಿಮ್ಮ ತೋಟದಲ್ಲಿ ತಡವಾದ ಕೆಲಸ ಯಾವುದು? ನಿಜವಾದ ಕಾರಣ ಮಳೆಯೋ, ಆಳೋ, ದಾಕ್ಷಿಣ್ಯವೋ?
ಆ) ನಿಮ್ಮ ತೋಟದ ಹತ್ತು ಕೆಂಪು ಗೆರೆಯ ದಿನಗಳು ಯಾವುವು?
ಇ) ಮೇ ತಿಂಗಳ ಸಮಾರಂಭಗಳಿಗೆ ಮನೆಗೊಬ್ಬರು ಹೋದರೆ ಸಾಕೆಂದು ನಮ್ಮ ಊರಿನವರೆಲ್ಲ ಒಪ್ಪಿಕೊಳ್ಳಬಹುದೇ?

ಮೂರನೆಯ ಪ್ರಶ್ನೆಗೆ ಒಬ್ಬರೇ ಉತ್ತರ ಕೊಡಲಾಗದು. ಆದರೆ ಯಾರಾದರೊಬ್ಬರು ಮೊದಲು ಬಾಯಿ ಬಿಡಲೇಬೇಕು.