ಟೆಲಿಮೆಡಿಸಿನ್: ದೂರದಿಂದಲೇ ವೈದ್ಯಕೀಯ ಸೇವೆ

ಅರ್ಥ: ಫೋನ್, ವಿಡಿಯೊ ಮೂಲಕ ವೈದ್ಯರು ರೋಗಿಗೆ ಸಲಹೆ, ಚಿಕಿತ್ಸೆ ನೀಡುವ ವ್ಯವಸ್ಥೆ.

ಮುಖ್ಯಾಂಶಗಳು
• 2001: ಇಸ್ರೋದಿಂದ ಉಪಗ್ರಹ ಆಧಾರಿತ ಪ್ರಾಯೋಗಿಕ ಯೋಜನೆ. ಮುಂದೆ ಚಾಮರಾಜನಗರ ಜಿಲ್ಲಾಸ್ಪತ್ರೆಗೆ ಬೆಂಗಳೂರಿನ ನಾರಾಯಣ ಹೃದಯಾಲಯದ ಸಂಪರ್ಕ.
• 2019: ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವಿನಿ ಆರಂಭ. ರೂಪಿಸಿದ್ದು ಮೊಹಾಲಿಯ ಸಿ-ಡ್ಯಾಕ್ ಸಂಸ್ಥೆ.
• 2020 ಮಾರ್ಚ್ 25: ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ಪ್ರಕಟ.
• 2022 ಅಕ್ಟೋಬರ್ 10: ಮಾನಸಿಕ ಆರೋಗ್ಯಕ್ಕೆ ಟೆಲಿ-ಮಾನಸ್. ನೋಡಲ್ ಕೇಂದ್ರ: ಬೆಂಗಳೂರಿನ ನಿಮ್ಹಾನ್ಸ್.

ರೋಗಿಗೆ ಲಾಭ: ಪ್ರಯಾಣದ ಖರ್ಚು, ಕೂಲಿ ನಷ್ಟ ತಪ್ಪುತ್ತದೆ, ಹಳ್ಳಿಯಲ್ಲೇ ತಜ್ಞರ ಸಲಹೆ ಸಿಗುತ್ತದೆ, ಸೋಂಕಿನ ಭಯ ಕಡಿಮೆ.

ವೈದ್ಯರಿಗೆ ಲಾಭ: ಆಸ್ಪತ್ರೆಯ ದಟ್ಟಣೆ ಇಳಿಯುತ್ತದೆ, ಮರುತಪಾಸಣೆ ಸುಲಭ, ಗ್ರಾಮೀಣ ವೈದ್ಯರಿಗೆ ತಜ್ಞರ ಬೆಂಬಲ.

ಮಿತಿ: ಮುಟ್ಟಿ ಪರೀಕ್ಷಿಸುವುದು ಅಸಾಧ್ಯ, ಕಟ್ಟುನಿಟ್ಟಿನ ನಿಯಂತ್ರಣವಿರುವ ಷೆಡ್ಯೂಲ್ ಎಕ್ಸ್ ಔಷಧಗಳನ್ನು ಬರೆಯುವಂತಿಲ್ಲ.

ನೆನಪಿಡಿ: ಟೆಲಿ-ಮಾನಸ್ ಉಚಿತ ಸಹಾಯವಾಣಿ ಸಂಖ್ಯೆ 14416.